ಕಾಂಪೌಂಡರ್ ರುದ್ರಮುನಿಯ ಚಾಸಿ

ನಮ್ಮೂರಿನ ಶಾಲೆ ಹನ್ನೊಂದು ಗಂಟೆಗೆ ಶುರುವಾಗುತ್ತದೆ. ಮಕ್ಕಳನ್ನು ಕರೆತರುವ ಗಾಡಿಯ ಚಾಸಿ ಮೊದಲು ಟಪಾಲು ಗಾಡಿಯದಾಗಿತ್ತು. ಕಾಗದ ಹೆಚ್ಚು ಬರುತ್ತಿದ್ದ ಮನೆಗಳ ಮುಂದೆಲ್ಲ ಅದು ಈಗಲೂ ನಿಂತು ನಿಂತು ಬರುತ್ತದೆ. ಹೆಡ್ ಮಾಸ್ತರರು ಎರಡು ವರ್ಷ ಕೂಗಾಡಿದರು, ಮೂರನೆಯ ವರ್ಷ ಸುಮ್ಮನೆ ಹನ್ನೊಂದಕ್ಕೆ ಗಂಟೆ ಬಾರಿಸಿದರು. ಊರೊಳಗೆ ಓಡಾಡುವ ಬಸ್ಸಿನದು ಬ್ಯಾಂಡಿನವರ ಚಾಸಿ. ಕಲ್ಯಾಣ ಮಂಟಪ ಕಂಡರೆ ಅದಕ್ಕೆ ಮುಂದೆ ಹೋಗಲು ಮನಸ್ಸು ಬಾರದು. ಮದುವೆಯ ದಿನಗಳಲ್ಲಿ ಪ್ರಯಾಣಿಕರು ಇಳಿದು, ಗುರುತು ಪರಿಚಯವಿಲ್ಲದ ವಧೂವರರಿಗೆ ನಾಲ್ಕು ಕಾಳು ಅಕ್ಷತೆ ಹಾಕಿ, ಓಡಿ ಬಂದು ಮತ್ತೆ ಹತ್ತುತ್ತಾರೆ. ಡ್ರೈವರ್ ಬ್ರೇಕ್ ಒತ್ತಿರುವುದಿಲ್ಲ, ಇಂಜಿನ್ ಬಂದ್ ಆಗಿರುವುದಿಲ್ಲ. ಚಾಸಿಗೆ ಅಲ್ಲಿ ನಿಂತು ರೂಢಿ, ಅಷ್ಟೆ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ನಿಂತು ತಾನಾಗಿ ಹೊರಡುತ್ತದೆ. ರೂಢಿ ಬಲವಾಗಿದ್ದಲ್ಲಿ ಇನ್ನೂ ಸ್ವಲ್ಪ ಹೊತ್ತು.

ಈ ಊರಿನಲ್ಲಿ ನಾನು ಬಾಡಿ ಕೂರಿಸುವ ಮೇಸ್ತ್ರಿ. ಹೆಸರು ಮೌನೇಶ. ಹೆಸರಿಗೂ ನನಗೂ ಸಂಬಂಧವಿಲ್ಲ, ಬಾಯಿ ಬಡುಕ ಎಂದೇ ಪ್ರಸಿದ್ಧ. ಚಾಸಿ ಎಂದರೆ ಗಾಡಿಯ ತಳದ ಉಕ್ಕಿನ ಚೌಕಟ್ಟು. ಬಾಡಿ ಎಂದರೆ ಅದರ ಮೇಲೆ ಕೂರುವ ಮೂತಿ, ಬಾಗಿಲು, ಹಿಂದಿನ ತೊಟ್ಟಿ. ಒಂದರ ಮೇಲಿನದನ್ನು ಇಳಿಸಿ ಇನ್ನೊಂದರ ಮೇಲೆ ಕೂರಿಸುವುದೇ ನನ್ನ ಕಸುಬು. ಅಣೆಕಟ್ಟು ಕಟ್ಟುವ ಕಾಲದಲ್ಲಿ ಬಂದ ಗುಂಡು ಮೂತಿಯ ಹಳೆ ಪಿಕಪ್ಪುಗಳೆಂದರೆ ನಮ್ಮ ಜನಕ್ಕೆ ಪ್ರಾಣ. ಅವುಗಳ ತಗಡು ಈಗಿನವುಗಳಂತೆ ಹಪ್ಪಳವಲ್ಲ, ಸುತ್ತಿಗೆಯಿಂದ ಹೊಡೆದರೆ ಸುತ್ತಿಗೆಯೇ ನೋಯುತ್ತದೆ. ತಳ ಹೋದರೂ ಮೇಲಿನದನ್ನು ಯಾರೂ ಬಿಡುವುದಿಲ್ಲ. ಜೀಪಿನ ಚಾಸಿಗೆ, ಟೆಂಪೊ ಚಾಸಿಗೆ, ಯಾವುದಕ್ಕಾದರೂ ಕೂರಿಸಿಕೊಡು ಎಂದು ನನ್ನ ಗ್ಯಾರೇಜಿಗೆ ಬರುತ್ತಾರೆ.

ಗಾಡಿಯ ಯಜಮಾನ ತೀರಿಕೊಂಡರೆ ಬಾಡಿಯನ್ನು ಬಿಚ್ಚಿ ಮನೆಯ ಅಂಗಳದಲ್ಲಿ ಇಡುತ್ತಾರೆ, ಚಾಸಿಯನ್ನು ಊರಿಗೆ ಕೊಡುತ್ತಾರೆ. ಯಾರದೋ ಗಾಡಿಯ ಕೆಳಗೆ ಅದು ಮತ್ತೆ ತಿರುಗುತ್ತದೆ, ಸತ್ತವನು ನಿಲ್ಲುತ್ತಿದ್ದಲ್ಲಿ ನಿಲ್ಲುತ್ತದೆ. ಹಾಗೆ ನಿಂತಾಗ ಕ್ಷೌರದಂಗಡಿಯವನೋ ಚಹಾದಂಗಡಿಯವನೋ ಹೊರಗೆ ಬಂದು ಒಂದು ನಮಸ್ಕಾರ ಹಾಕಿ ಒಳಗೆ ಹೋಗುತ್ತಾನೆ. ಇದರಲ್ಲಿ ಮೇಸ್ತ್ರಿಗೆ ಇರುವ ಕಟ್ಟುಪಾಡು ಒಂದೇ. ಹೊಸ ಬಾಡಿ ಕೂರಿಸಿದ ದಿನ ನಾಲ್ಕು ಜನರ ಎದುರು ಚಾಸಿಯ ಮೇಲೆ ಅಂಗೈ ಊರಿ, ಇದು ಇಂಥವರದು, ಇಷ್ಟು ವರ್ಷ ಇಂಥ ಕೆಲಸಕ್ಕೆ ತಿರುಗಿದ್ದು ಎಂದು ಗಟ್ಟಿಯಾಗಿ ಹೇಳಬೇಕು. ನಾವು ಅದಕ್ಕೆ ‘ಚಾಸಿ ಹೇಳುವುದು’ ಎನ್ನುತ್ತೇವೆ. ತಾಸಿಗೊಂದು ಸುಳ್ಳು ಹೇಳುವ ಮೇಸ್ತ್ರಿಗಳೂ, ‘ನಾಳೆ ಬಾ’ ಎಂದು ತಿಂಗಳುಗಟ್ಟಲೆ ಓಡಾಡಿಸುವವರೂ, ಆ ಹೊತ್ತಿನಲ್ಲಿ ಮಾತ್ರ ಸುಳ್ಳಾಡಿದ್ದಿಲ್ಲ. ಆ ಹೊತ್ತಿನಲ್ಲೂ ಸುಳ್ಳಾಡಿದ ಮೊದಲನೆಯವನು ನಾನು. ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಕಾಂಪೌಂಡರ್ ರುದ್ರಮುನಿ ಎಂದರೆ ದನದ ದವಾಖಾನೆಯವರು. ಡಾಕ್ಟರು ತಿಂಗಳಿಗೊಮ್ಮೆ ಸಹಿ ಹಾಕಲು ಬರುತ್ತಿದ್ದರು, ಉಳಿದ ಇಪ್ಪತ್ತೊಂಬತ್ತು ದಿನ ಇವರೇ ಡಾಕ್ಟರು. ಕರು ಅಡ್ಡ ಬಂದರೆ ಹೆಗಲಿನವರೆಗೆ ಕೈ ಹಾಕಿ ತಿರುಗಿಸಿ ಎಳೆಯುತ್ತಿದ್ದರು. ಆಮೇಲೆ ಹಿತ್ತಿಲಲ್ಲಿ ತಣ್ಣೀರಿನಿಂದ ತೋಳು ತೊಳೆದುಕೊಂಡು, ಒಂದು ಚೊಂಬು ಮಜ್ಜಿಗೆ ಕುಡಿದು, ತಮ್ಮ ಹಸಿರು ಪಿಕಪ್ ಹತ್ತಿ ಹೊರಟುಬಿಡುತ್ತಿದ್ದರು. ಮಜ್ಜಿಗೆ ಬಿಟ್ಟರೆ ಯಾರ ಮನೆಯಲ್ಲೂ ಏನನ್ನೂ ಮುಟ್ಟಿದವರಲ್ಲ. ದನ ಉಳಿಯುವುದಿಲ್ಲ ಎಂದಾದರೆ, “ಬ್ಯಾಡ್ರಿ, ಇನ್ನ ಅದಕ್ಕ ಸೂಜಿ ಚುಚ್ಚಬ್ಯಾಡ್ರಿ” ಎಂದು ಹೇಳಿ ಮನೆಯವರ ಜೊತೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅವರು ಉಳಿಯುವುದಿಲ್ಲ ಎಂದ ಮೇಲೆ ಇನ್ನೊಬ್ಬರನ್ನು ಕರೆಸಿದವರಿಲ್ಲ. ಅಷ್ಟು ನಂಬಿಕೆ.

ಅವರು ಹೋದ ಮೇಲೆ ಹೆಂಡತಿ ನೀಲವ್ವ ಹಸಿರು ಬಾಡಿಯನ್ನು ಅಂಗಳದ ಬೇವಿನ ಮರದ ಕೆಳಗೆ ಇರಿಸಿಕೊಂಡಳು. ಮಧ್ಯಾಹ್ನ ಅಡುಗೆ ಮುಗಿಸಿ ಅದರೊಳಗೆ, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು, ಬತ್ತಿ ಹೊಸೆಯುತ್ತಿದ್ದಳು. ಮಕ್ಕಳಿಲ್ಲದ ಮನೆ, ಮಾತಿಗೆ ಅದೊಂದು ಜಾಗ. ಚಾಸಿಯನ್ನು ಯಾರಿಗೆ ಕೊಡಲೆಂದು ಒಂದು ವರ್ಷ ಯೋಚಿಸಿ, ಕೊನೆಗೆ ಮಂಡಕ್ಕಿ ಭಟ್ಟಿಯ ಯಮನೂರಪ್ಪನಿಗೆ ಎಂದಳು. ಯಮನೂರಪ್ಪ ಬೆಳಗಾದರೆ ಮಂಡಕ್ಕಿ ಚೀಲ ಹೇರಿಕೊಂಡು ಓಣಿ ಓಣಿ ತಿರುಗುವವನು. ಅವನ ಅಪ್ಪನ ಕಾಲದ ಗುಂಡು ಮೂತಿಯ ಪಿಕಪ್ಪಿನ ತಳ ಪೂರ್ತಿ ತುಕ್ಕು ತಿಂದುಹೋಗಿತ್ತು.

“ಅವನ ಗಾಡಿ ದಿನಾ ನಮ್ಮ ಬಾಗ್ಲ ಮುಂದ ಹಾಯ್ತೈತಿ” ಎಂದಳು ನೀಲವ್ವ ನನಗೆ. “ಒಂದ್ ಗಳಿಗಿ ನಿಂತು ಹೋಗ್ಲಿ. ನನಗ ಅಷ್ಟ ಸಾಕು ಮೌನೇಶಪ್ಪ. ಚಂದಗ ಮಾಡು.”

ಮಂಡಕ್ಕಿಗೆ ತೂಕವಿಲ್ಲ, ಜಾಗ ಬೇಕು. ಯಮನೂರಪ್ಪನ ಬಾಡಿ ಉದ್ದ, ಕಾಂಪೌಂಡರರ ಚಾಸಿ ಗಿಡ್ಡ. ಅಂಥಲ್ಲಿ ಚಾಸಿಯನ್ನು ನಡುವೆ ಕತ್ತರಿಸಿ, ಒಂದು ಮೊಳ ಉಕ್ಕು ಸೇರಿಸಿ ಬೆಸೆಯಬೇಕು. ಎಲ್ಲಿ ಕತ್ತರಿಸಬೇಕೆಂಬುದನ್ನು ಮುಂದಿನ ಚಕ್ರದ ನಡುಮಧ್ಯದಿಂದ ಅಳೆಯಬೇಕು. ಇದು ಈ ಕಸುಬಿನ ಅ ಆ ಇ ಈ. ಆ ದಿನ ನನ್ನ ಗ್ಯಾರೇಜಿನ ಮುಂದೆ ಐದಾರು ಜನ ಸೇರಿದ್ದರು. ಕಾಂಪೌಂಡರರ ಚಾಸಿ ಎಂದರೆ ನೋಡಲು ಜನ ಬರುತ್ತಾರೆ. ನಾನು ಅವರಿಗೆ ನನ್ನ ಹಳೆಯ ಸಾಹಸಗಳನ್ನು ಹೇಳುತ್ತ, ಕಣ್ಣಳತೆಯಲ್ಲೇ ಲಾರಿ ಬಾಡಿ ಕೂರಿಸಿದ್ದನ್ನು ಹೇಳುತ್ತ, ಟೇಪನ್ನು ಚಕ್ರದ ನಡುವಿನಿಂದ ಹಿಡಿಯುವ ಬದಲು ಚಾಸಿಯ ತುದಿಯಿಂದ ಹಿಡಿದು ಗೆರೆ ಎಳೆದೆ.

ಬೆಸುಗೆಯ ದಾದಾಪೀರ್ ಇಪ್ಪತ್ತಾರು ವರ್ಷಗಳಿಂದ ನನ್ನ ಜೊತೆ ಇರುವವನು. ಮಾತು ಕಡಿಮೆ. ಅವನು ಗೆರೆ ನೋಡಿ, “ಲೇ, ಇನ್ನೊಮ್ಮಿ ಅಳಿ” ಎಂದ.

“ಇಪ್ಪತ್ತಾರು ವರ್ಷದಾಗ ಯಾವತ್ತರ ತಪ್ಪಿದ್ದು ನೋಡೀಯೇನು?” ಎಂದು ಜನರ ಕಡೆ ನೋಡಿ ನಕ್ಕೆ. ಜನರೂ ನಕ್ಕರು. ಗ್ಯಾಸ್ ಹಚ್ಚಿ ಕತ್ತರಿಸಿದೆ.

ನಾನು ಕತ್ತರಿಸಿದ್ದು ಅಡ್ಡಪಟ್ಟಿ ಸೇರುವ ಜಾಗದಲ್ಲಿ. ಚೌಕಟ್ಟಿನ ಬಿಗಿಯೆಲ್ಲ ಇರುವುದೇ ಅಲ್ಲಿ. ಎರಡನೆಯ ಕಡೆ ಕತ್ತರಿಸುತ್ತಿದ್ದಂತೆ ಚಾಸಿ ನರಳಿದಂತೆ ಸದ್ದು ಮಾಡಿ ತಿರುಚಿಕೊಂಡಿತು, ಬಲಗಡೆಯ ಉದ್ದಪಟ್ಟಿ ನೆಲಕ್ಕೆ ಬಡಿದು ಬಾಗಿತು. ಅಷ್ಟರಲ್ಲಿ ಜನ ಚದುರಿದ್ದರು. ನೋಡಿದವನು ದಾದಾಪೀರ್ ಒಬ್ಬನೇ. ಬಗ್ಗಿದ ಪಟ್ಟಿಯನ್ನು ಕಾಯಿಸಿ, ನೇರ ಮಾಡಿ, ಒಳಗೆ ತಗಡು ಕೊಟ್ಟು ಬೆಸೆದರೆ ಸರಿಹೋಗುತ್ತಿತ್ತು. ಆದರೆ ಅದಕ್ಕೆ ಮೂರು ವಾರ ಬೇಕು. ಶುಕ್ರವಾರ ಬೆಳಿಗ್ಗೆ ಗಾಡಿ ಹೊರಡುತ್ತದೆಂದು ನಾನು ಊರಿಗೆಲ್ಲ ಡಂಗುರ ಸಾರಿದ್ದೆ. ನೀಲವ್ವ ಬಾಗಿಲಿಗೆ ತೋರಣ ಕಟ್ಟುವವಳಿದ್ದಳು. ಹೋಗಿ, ಅಕ್ಕಾ, ಅಳತೆ ತಪ್ಪಿದೆ, ಮೂರು ವಾರ ತಾಳು ಎಂದಿದ್ದರೆ ಅವಳು ಒಂದು ಮಾತೂ ಆಡುತ್ತಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ಆದರೂ ಹೋಗಲಿಲ್ಲ. ಗೆರೆ ತಪ್ಪಿದ ಮೇಸ್ತ್ರಿ ಎನಿಸಿಕೊಳ್ಳಲು ನನಗೆ ಆಗಲಿಲ್ಲ. ನಡೆದದ್ದಕ್ಕೆಲ್ಲ ಕಾರಣ ಅಷ್ಟೇ, ಇದಕ್ಕಿಂತ ದೊಡ್ಡದೇನಾದರೂ ಇದ್ದಿದ್ದರೆ ಹೇಳಲಿಕ್ಕಾದರೂ ಚೆನ್ನಾಗಿರುತ್ತಿತ್ತು.

ಗುಜರಿಯವನ ಹತ್ತಿರ ಯಾರದೆಂದು ಗೊತ್ತಿಲ್ಲದ ಒಂದು ಉದ್ದ ಚಾಸಿ ಬಿದ್ದಿತ್ತು. ಹೊರಗಿನ ಊರಿನದಿರಬೇಕು, ಇಲ್ಲೆಲ್ಲೂ ನಿಲ್ಲಲಾರದು ಎಂದುಕೊಂಡು ತಂದು, ಕಪ್ಪು ಬಣ್ಣ ಹೊಡೆದು, ಬಾಡಿ ಕೂರಿಸಿದೆ. ಕಾಂಪೌಂಡರರದು ಎರಡು ತುಂಡಾಗಿ ನನ್ನ ಹಿತ್ತಿಲಲ್ಲಿ ತಾಡಪಾಲಿನ ಕೆಳಗೆ ಬಿತ್ತು. ಶುಕ್ರವಾರ ನಾಲ್ಕು ಜನರ ಎದುರು ಅಂಗೈ ಊರಿ, “ಇದು ಕಾಂಪೌಂಡರ್ ರುದ್ರಮುನಿ ಅವರ ಚಾಸಿ. ಮೂವತ್ತು ವರ್ಷ ದನಕರುಗಳ ಸೇವೆಗೆ ತಿರುಗಿದ್ದು” ಎಂದು ಹೇಳಿದೆ. ಧ್ವನಿ ಒಂದಿಷ್ಟೂ ನಡುಗಲಿಲ್ಲ. ದಾದಾಪೀರ್ ಅತ್ತ ತಿರುಗಿ ಕೈ ಒರೆಸಿಕೊಳ್ಳುತ್ತಿದ್ದ.

ಯಮನೂರಪ್ಪ ಗಾಡಿ ಬಿಟ್ಟ, ನಾನು ಪಕ್ಕದಲ್ಲಿ ಕೂತೆ. ನೀಲವ್ವ ಬಾಗಿಲಲ್ಲಿ ಚೊಂಬು ನೀರು, ತಟ್ಟೆಯಲ್ಲಿ ಕುಂಕುಮ ಹಿಡಿದು ನಿಂತಿದ್ದಳು. ಹಸಿರು ದಡಿಯ ಇಳಕಲ್ ಸೀರೆ ಉಟ್ಟಿದ್ದಳು. ಗಾಡಿ ಅವಳ ಮುಂದೆ ಬಂತು, ಹೋಯಿತು. ಯಮನೂರಪ್ಪ ಗಾಬರಿಯಾಗಿ ಬ್ರೇಕ್ ಒತ್ತಿದಾಗ ಗಾಡಿ ಮನೆ ದಾಟಿ ಎಷ್ಟೋ ಮುಂದೆ ಹೋಗಿತ್ತು. ನಾನು ಇಳಿದು ಹಿಂದೆ ಓಡಿದೆ.

“ನಿಲ್ಲಲಿಲ್ಲಲ್ಲೋ ಮೌನೇಶಪ್ಪ” ಎಂದಳು. ಚೊಂಬು ಇನ್ನೂ ಕೈಯಲ್ಲೇ ಇತ್ತು.

“ಹೊಸಾ ಬೆಸುಗಿ ಐತ್ರಿ ಅಕ್ಕಾರ. ಕಬ್ಬಿಣ ಸುಧಾರಿಸ್ಕೋಬೇಕು. ಒಂದ್ ವಾರ ಹಿಡೀತೈತಿ.”

“ಹೌದೇನು? ಹಂಗಾರ ಆಗ್ಲಿ. ಒಂದ್ ವರ್ಷ ಕಾದೀನಿ, ಒಂದ್ ವಾರ ಏನ್ ಮಹಾ” ಎಂದು ಅವಳು ಆ ನೀರನ್ನು ತುಳಸಿಗೆ ಹಾಕಿದಳು.

ನಾಲ್ಕನೆಯ ದಿನ ಗಾಡಿ ನಿಂತಿತು. ನಿಂತದ್ದು ನೀಲವ್ವನ ಬಾಗಿಲಲ್ಲಲ್ಲ, ಸ್ಟೇಷನ್ ರಸ್ತೆಯ ತೊಗಲಿನ ಮಂಡಿಯ ಮುಂದೆ. ಯಮನೂರಪ್ಪ ಅವತ್ತೇ ಮೊದಲ ಸಲ ಆ ಕಡೆ ಹೋಗಿದ್ದ. ಒಂದು ಲೋಟ ನೀರಿನ ಹೊತ್ತಲ್ಲ, ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಅಲ್ಲಾಡದೆ ನಿಂತಿತು. ಮರುದಿನವೂ ಅಷ್ಟೆ. ಆ ಗುಜರಿಯ ಚಾಸಿ ಯಾವ ಕಾಲದಲ್ಲೋ ಒಣಗಿದ ತೊಗಲು ಹೇರಿದ್ದೆಂದು ನನಗೆ ತಕ್ಷಣ ಹೊಳೆಯಿತು. ಊರಿಗೆ ಹೊಳೆಯಲಿಲ್ಲ. ಊರಿಗೆ ಗೊತ್ತಿದ್ದದ್ದು ಇದು ಕಾಂಪೌಂಡರರ ಚಾಸಿ ಎಂದು, ಮೇಸ್ತ್ರಿ ಅಂಗೈ ಊರಿ ಹೇಳಿದ್ದಾನೆ ಎಂದು. ಸತ್ತ ದನದ ತೊಗಲು ಕೊಳ್ಳುವ ಜಾಗದಲ್ಲಿ ದನದ ಕಾಂಪೌಂಡರನಿಗೆ ಅಷ್ಟು ಹೊತ್ತು ಏನು ಕೆಲಸ?

ಮೊದಲು ಒಬ್ಬ ಕೇಳಿದ, ಆಮೇಲೆ ಎಲ್ಲರೂ ಕೇಳಿದರು. ಯಾವ ಮನೆಯಲ್ಲಿ ದನ ಸತ್ತಿತ್ತೋ ಆ ಮನೆಯವರೆಲ್ಲ ಲೆಕ್ಕ ಹಾಕತೊಡಗಿದರು. ಉಳಿಯುವ ಎಮ್ಮೆಯನ್ನೂ ಉಳಿಯುವುದಿಲ್ಲ ಎಂದು ಹೇಳಿ ಮಂಡಿಗೆ ಸುದ್ದಿ ಮುಟ್ಟಿಸುತ್ತಿದ್ದನೇನೋ. ಸೂಜಿ ಬೇಡ ಎಂದದ್ದು ಅದಕ್ಕೇ ಏನೋ. ಗಾಡಿ ಸುಣ್ಣದ ಭಟ್ಟಿಯ ಮುಂದೆಯೂ ನಿಂತಾಗ, ತೊಗಲು ಹದ ಮಾಡಲು ಸುಣ್ಣ ಬೇಕಲ್ಲ ಎಂದು ಅವರನ್ನು ಮಂಡಿಯ ಪಾಲುದಾರನನ್ನೇ ಮಾಡಿದರು. ಸ್ವಂತ ಹೆಂಡತಿಯ ಬಾಗಿಲಲ್ಲಿ ನಿಲ್ಲದ ಚಾಸಿ ಮಂಡಿಯಲ್ಲಿ ನಿಲ್ಲುತ್ತದೆಂದರೆ ಇನ್ನೇನು ಹೇಳಬೇಕು ಎಂದು ನನ್ನ ಗ್ಯಾರೇಜಿನ ಬೆಂಚಿನ ಮೇಲೆಯೇ ಕೂತು ನನ್ನ ಚಹಾ ಕುಡಿಯುತ್ತ ಆಡಿಕೊಂಡರು. ಚಾಸಿಯೇ ಬೇರೆ ಇರಬಹುದೆಂದು ಒಬ್ಬನಾದರೂ ಅಂದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಒಬ್ಬನೂ ಅನ್ನಲಿಲ್ಲ. ಮೂವತ್ತು ವರ್ಷ ತೋಳು ಹೊಲಸು ಮಾಡಿಕೊಂಡವನ ಮೇಲೆ ಅವರಿಗೆ ಸಂಶಯ ಬಂತು, ನನ್ನ ಮೇಲೆ ಬರಲಿಲ್ಲ.

ನೀಲವ್ವನ ಮನೆಗೆ ಹಾಲು ಹಾಕುತ್ತಿದ್ದವನು ಬರುವುದು ನಿಲ್ಲಿಸಿದ. ಅವನ ಆಕಳೊಂದು ಹಿಂದೆ ಸತ್ತಿತ್ತು. ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರಂತೆ. ಯಮನೂರಪ್ಪ ಬಂದು, “ಮೌನೇಶಣ್ಣ, ಆ ಚಾಸಿ ತಗದು ಬ್ಯಾರೇದು ಹಾಕ್ರಿ. ನನಗ ಆ ಅಕ್ಕನ ಓಣ್ಯಾಗ ಗಾಡಿ ಹೊಡ್ಯಾಕ ಆಗವಲ್ದು” ಎಂದ. ನೋಡೋಣ ಎಂದೆ. ಹಿತ್ತಿಲಲ್ಲಿ ತಾಡಪಾಲಿನ ಕೆಳಗೆ ಇರುವುದನ್ನು ಗುಟ್ಟಾಗಿ ಬೆಸೆದು ಕೂರಿಸಿಬಿಡಲೇ ಎಂದೂ ಯೋಚಿಸಿದೆ. ಗಾಡಿ ಇದ್ದಕ್ಕಿದ್ದಂತೆ ಮಂಡಿ ಬಿಟ್ಟು ನೀಲವ್ವನ ಬಾಗಿಲಲ್ಲಿ ನಿಂತರೆ, ಸತ್ತವನಿಗೆ ಈಗ ಬುದ್ಧಿ ಬಂತು ಎಂದು ಜನ ನಗುತ್ತಾರೆ, ಅಷ್ಟೇ ಆಗುವುದು. ಹಾಗಾದರೂ ಆಗಲಿ ಎಂದು ಒಮ್ಮೆ ಅನ್ನಿಸಿತ್ತು. ನನ್ನ ಯೋಗ್ಯತೆ ಅಷ್ಟು.

ಗಾಡಿ ಹೊರಟ ಇಪ್ಪತ್ತನೆಯ ದಿನ ನೀಲವ್ವ ಗ್ಯಾರೇಜಿಗೆ ಬಂದಳು. ಉರಿಬಿಸಿಲಿನಲ್ಲಿ ನಡೆದೇ ಬಂದಿದ್ದಳು. ಬೆಂಚಿನ ಮೇಲೆ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ನಾನು ನೀರು ಕೊಟ್ಟೆ, ಕುಡಿಯಲಿಲ್ಲ.

“ಮೌನೇಶಪ್ಪ, ನೀ ಈ ಕಸುಬಿನಾಗ ಹುಟ್ಟಿ ಬೆಳದಾವ. ಒಂದ ಮಾತು ಕೇಳ್ತೀನಿ. ಚಾಸಿ ಸುಳ್ಳ ಹೇಳ್ತೈತೇನು?”

ಗ್ಯಾಸ್ ಸಿಲಿಂಡರಿನ ಹತ್ತಿರ ದಾದಾಪೀರ್ ನಿಂತಿದ್ದ. ಅವನು ನನ್ನನ್ನೇ ನೋಡುತ್ತಿದ್ದ. ನಿಜ ಹೇಳಲು ಇದಕ್ಕಿಂತ ಅಗಲವಾಗಿ ಯಾರೂ ಎಂದೂ ನನಗೆ ಬಾಗಿಲು ತೆರೆದುಕೊಟ್ಟಿರಲಿಲ್ಲ. ಒಂದೇ ಒಂದು ಮಾತು ಸಾಕಿತ್ತು.

“ಇಲ್ರಿ ಅಕ್ಕಾರ” ಎಂದೆ. “ಚಾಸಿ ಸುಳ್ಳ ಹೇಳಂಗಿಲ್ಲ.”

ಅದು ನಿಜವೇ. ಚಾಸಿ ಸುಳ್ಳು ಹೇಳುವುದಿಲ್ಲ. ನಿಜವಾದ ಮಾತನ್ನು ಹೇಳಿ ಅಷ್ಟು ದೊಡ್ಡ ಸುಳ್ಳು ಆಡಬಹುದೆಂದು ನನಗೆ ಅವತ್ತು ಗೊತ್ತಾಯಿತು. ನೀಲವ್ವ ತಲೆ ಆಡಿಸಿದಳು. ಆಮೇಲೆ, “ಹಂಗಾರ ನಾಳಿ ಬಂದು ಆ ಹಸರ ಬಾಡಿ ಮುರದು ಹಾಕು. ನನಗ ಅದು ಅಂಗಳದಾಗ ಬ್ಯಾಡ” ಎಂದಳು.

ಹೋದೆ. ಹೋಗಬಾರದಿತ್ತು, ಹೋದೆ. ಅವಳು ಸ್ಟೂಲು ಹಾಕಿಕೊಂಡು ಎದುರಿಗೆ ಕೂತಳು. ನಾನು ಬಾಗಿಲು ಕತ್ತರಿಸಿದೆ, ಮೇಲ್ಛಾವಣಿ ಕತ್ತರಿಸಿದೆ. ಅವಳು ಕೂರುತ್ತಿದ್ದ ಸೀಟಿನ ಕೆಳಗಿನ ತಗಡು ಕತ್ತರಿಸುವಾಗ ಹಸಿರು ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದು ಹೊಗೆ ಬಂತು. “ಎಮ್ಮಿ ಈಯಾಕ ಆಗದ ಒದ್ದಾಡಿದ್ರ ಇವ್ರೂ ಅಳತಿದ್ರು” ಎಂದಳು, ಯಾರಿಗೂ ಅಲ್ಲದಂತೆ. “ಅದೂ ನಾಟಕನ ಇರಬೇಕು.” ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಉಳಿದದ್ದನ್ನೂ ಕತ್ತರಿಸಿ ಮುಗಿಸಿದೆ. ಬೇವಿನ ಮರದ ಕೆಳಗೆ ಹುಲ್ಲು ಹುಟ್ಟದ ಒಂದು ಚೌಕ ಉಳಿಯಿತು.

ಗ್ಯಾರೇಜಿಗೆ ಬಂದಾಗ ದಾದಾಪೀರ್ ಹಿತ್ತಿಲಲ್ಲಿದ್ದ. ತಾಡಪಾಲು ತೆಗೆದು, ಬಗ್ಗಿದ ಪಟ್ಟಿಯನ್ನು ಆಗಲೇ ಕಾಯಿಸತೊಡಗಿದ್ದ. ನಾನು ಎದುರು ನಿಂತರೂ ತಲೆ ಎತ್ತಲಿಲ್ಲ.

“ಇಪ್ಪತ್ತಾರು ವರ್ಷ ನಿನ್ನ ಉಪ್ಪು ತಿಂದೀನಂತ ಸುಮ್ನಿದ್ದೆ” ಎಂದ. “ಇವತ್ತ ಮನಿಗೆ ಹೋಗಿ ಉಣ್ಣಾಕ ಕುಂತ್ರ ತುತ್ತು ಇಳೀಲಿಲ್ಲ. ಬೆಸುಗಿ ನಾ ಹಾಕ್ತೀನಿ. ಬಾಯಿ ನೀ ತಗೀಬೇಕು. ನೀ ತಗೀಲಿಲ್ಲಂದ್ರ ನಾ ತಗೀತೀನಿ ನೋಡು ಮೌನ್ಯಾ, ಆಮ್ಯಾಲ ನಮ್ಮಿಬ್ಬರ ಸಂಬಂಧ ಇಲ್ಲ.”

ನಾನು ಅತ್ತೆ. ಐವತ್ತೆರಡರ ವಯಸ್ಸಿನಲ್ಲಿ ಹಿತ್ತಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಅವನು ಸಮಾಧಾನ ಮಾಡಲಿಲ್ಲ, ಇಕ್ಕಳ ಕೊಟ್ಟು, “ಹಿಡಿ” ಎಂದ.

ಮೂರು ವಾರದ ಕೆಲಸವನ್ನು ಹನ್ನೊಂದು ದಿನದಲ್ಲಿ ಮಾಡಿದೆವು. ಈ ಸಲ ಚಕ್ರದ ನಡುವಿನಿಂದ ನಾಲ್ಕು ಬಾರಿ ಅಳೆದೆ. ಇಂಜಿನ್ ಇಟ್ಟು, ಚಕ್ರ ಹಾಕಿ, ಸ್ಟೇರಿಂಗ್ ಜೋಡಿಸಿದೆವು. ಮೇಲೆ ಕೂರಿಸಲು ಬಾಡಿ ಇರಲಿಲ್ಲ. ಅದರ ಬಾಡಿಯನ್ನು ನಾನೇ ಕತ್ತರಿಸಿ ಬಂದಿದ್ದೆ, ಬೇರೊಂದನ್ನು ಹಾಕಲು ಮನಸ್ಸು ಬರಲಿಲ್ಲ. ಒಂದು ಹಲಗೆ ಅಡ್ಡ ಹಾಕಿ ಅದರ ಮೇಲೆ ಕೂತೆ. ಬೆಳಗಿನ ಎಂಟು ಗಂಟೆ, ಓಣಿಯಲ್ಲಿ ಜನವೋ ಜನ. ಬಾಗಿಲಿಲ್ಲ, ಗಾಜಿಲ್ಲ, ಮುಖ ಮರೆಮಾಡಲು ಒಂದು ಅಂಗೈಯಗಲ ತಗಡೂ ಇಲ್ಲ. ದಾದಾಪೀರ್ ಸೈಕಲ್ ಹತ್ತಿ ಹಿಂದೆ ಬಂದ.

ಗ್ಯಾರೇಜಿನಿಂದ ನೀಲವ್ವನ ಮನೆಗೆ ನಡೆದರೆ ಅರ್ಧ ತಾಸಿನ ದಾರಿ. ನೇರ ಅಲ್ಲಿಗೇ ಹೋಗಿ, ಅವಳ ಕಾಲಿಗೆ ಬಿದ್ದು, ಉಳಿದದ್ದನ್ನು ಆಮೇಲೆ ನೋಡಿದರಾಯಿತು ಎಂದುಕೊಂಡಿದ್ದೆ. ಚಾಸಿ ಹಾಗೆಂದುಕೊಂಡಿರಲಿಲ್ಲ. ಎರಡನೆಯ ಮನೆಯ ಮುಂದೆಯೇ ನಿಂತಿತು. ಒಳಗಿನಿಂದ ಒಬ್ಬ ಮುದುಕಿ ಬಂದು ತರಕಾರಿಯವನೆಂದು ತಿಳಿದು, “ಮೆಂತೆ ಐತೇನಪ್ಪ?” ಎಂದಳು. ನನ್ನ ಬಾಯಿ ತೆರೆಯಲಿಲ್ಲ. ಚಾಸಿ ಮುಂದೆ ಹೋಯಿತು, ಮತ್ತೆ ನಿಂತಿತು. ಅಲ್ಲಿಯೂ ಸುಮ್ಮನೆ ಕೂತೆ. ಮೂರನೆಯ ಕಡೆ ದಾದಾಪೀರ್ ಸೈಕಲ್ ನಿಲ್ಲಿಸಿ, “ಇನ್ನ ಎಷ್ಟು ಮನಿ ಬಿಡ್ತಿ?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ಆಗ ಹೇಳಿದೆ.

“ಕಾಂಪೌಂಡರ್ ಚಾಸಿ ಇದು. ಯಮನೂರಪ್ಪನ ಗಾಡಿಗೆ ಹಾಕಿದ್ದು ಇವರದಲ್ಲ, ಗುಜರೀದು. ಇದನ್ನ ನಾ ಕತ್ತರಿಸೋವಾಗ ಕೆಡಿಸಿದೆ. ಮುಚ್ಚಾಕ ಸುಳ್ಳ ಹೇಳಿದೆ.”

“ನಾನೂ ಸುಮ್ನಿದ್ದೆ” ಎಂದ ದಾದಾಪೀರ್.

ಅಲ್ಲಿಂದ ಮುಂದೆ ಮೂವತ್ತೇಳು ಬಾಗಿಲು. ಎಲ್ಲೆಲ್ಲಿ ಆ ಮನುಷ್ಯ ಹೆಗಲಿನವರೆಗೆ ಕೈ ಹಾಕಿದ್ದನೋ ಅಲ್ಲೆಲ್ಲ ಅದು ನಿಂತಿತು, ಅಲ್ಲೆಲ್ಲ ನಾನು ಅದೇ ನಾಲ್ಕು ಮಾತು ಹೇಳಿದೆ. ಹೇಳುತ್ತ ಹೇಳುತ್ತ ಸಲೀಸಾಗುತ್ತದೆಂದು ನೀವು ಅಂದುಕೊಳ್ಳಬಹುದು. ಇಲ್ಲ, ಪ್ರತಿ ಸಲವೂ ಮೊದಲ ಸಲವೇ. ಒಬ್ಬಳು ಮಾತಿಲ್ಲದೆ ಬಾಗಿಲು ಹಾಕಿಕೊಂಡಳು. ಒಬ್ಬ ನನ್ನ ಅಪ್ಪ ಅಜ್ಜ ಎಲ್ಲರನ್ನೂ ಎಬ್ಬಿಸಿ ಬೈದ. ಹಾಲಿನವನು ಪೂರ್ತಿ ಕೇಳಿಸಿಕೊಂಡು, “ಹಂಗಾರ ನಮ್ಮ ಆಕಳ ಸುಮ್ನ ಸತ್ತಿದ್ದು?” ಎಂದು ಕೇಳಿದ. “ಸುಮ್ನ ಸತ್ತಿದ್ದು” ಎಂದೆ. “ಅಯ್ಯೋ ಶಿವನ, ಎಂಥೆಂಥಾ ಮಾತಾಡಿದೆನೋ” ಎಂದು ಅವನು ಕಟ್ಟೆಯ ಮೇಲೆ ತಲೆ ಹಿಡಿದು ಕೂತುಬಿಟ್ಟ.

ಬೇಕೆಂದೇ ಸ್ಟೇಷನ್ ರಸ್ತೆಗೆ ತಿರುಗಿಸಿದೆ. ಅಷ್ಟು ಹೊತ್ತಿಗೆ ಹಿಂದೆ ಹತ್ತಿಪ್ಪತ್ತು ಜನ ಬರುತ್ತಿದ್ದರು. ಮಂಡಿಯ ಆಳುಗಳು ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಿದರು. ಚಾಸಿ ಮಂಡಿಯ ಮುಂದೆ ಬಂತು, ನಿಲ್ಲಲಿಲ್ಲ, ದಾಟಿ ಹೋಯಿತು. ಹಿಂದಿನಿಂದ ಯಾರೋ ದೊಡ್ಡದಾಗಿ ಮೂಗು ಸೀಟಿದ ಸದ್ದು ಕೇಳಿತು.

ನೀಲವ್ವನ ಬಾಗಿಲಲ್ಲಿ ಅದು ನಿಂತಿತು. ನಿಂತದ್ದು ಹೊರಡಲಿಲ್ಲ. ಇಂಜಿನ್ ಗುಡುಗುಡು ಎನ್ನುತ್ತಲೇ ಇತ್ತು. ಅವಳು ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತಳು. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಹಲಗೆಯಿಂದ ಇಳಿದು ಎಲ್ಲವನ್ನೂ ಹೇಳಿದೆ.

“ನಾ ಗ್ಯಾರೇಜಿಗೆ ಬಂದು ಕೇಳಿದಾಗೂ ಗೊತ್ತಿತ್ತೇನು ನಿನಗ?”

“ಗೊತ್ತಿತ್ರಿ.”

“ಬಾಡಿ ಮುರಿಯೋವಾಗೂ?”

“ಆಗೂ ಗೊತ್ತಿತ್ರಿ ಅಕ್ಕಾರ. ನಿಮ್ಮ ಕಾಲಿಗೆ ಬೀಳ್ತೀನಿ. ತಪ್ಪೆಲ್ಲ ನಂದು.”

ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು. “ನೀ ಹೊರಗಿನವ. ನಿನ್ನ ಮಾನ ಉಳಿಸ್ಕೊಳ್ಳಾಕ ಸುಳ್ಳ ಹೇಳಿದಿ” ಎಂದಳು. “ನಾ ಅವರ ಜೋಡಿ ಮೂವತ್ತೊಂದು ವರ್ಷ ಉಂಡಾಕಿ. ಅವರ ಅಂಗಿ ಒಗದಾಕಿ. ನಾ ಯಾಕ ನಂಬಿದೆ?”

ನಾನು ಎದ್ದು ಕೈ ಮುಗಿದೆ.

“ಅದೂ ನನ್ನ ತಪ್ಪ್ರಿ ಅಕ್ಕಾರ. ನನ್ನಿಂದನ ಆದದ್ದು.”

“ಅಲ್ಲ. ನಿಂದು ನಿನಗ, ನಂದು ನನಗ” ಎಂದಳು. “ಇದನ್ನ ಒಯ್ದು ಯಮನೂರಪ್ಪನ ಗಾಡಿಗೆ ಕೂಡ್ಸು. ದಿನಾ ಈ ಕಡಿ ಬರಲಿ.”

ಹಾಗೆಯೇ ಮಾಡಿದೆ. ಊರು ನನಗೆ ಆರು ತಿಂಗಳು ಕೆಲಸ ಕೊಡಲಿಲ್ಲ, ಚಾಸಿ ಹೇಳುವಾಗ ಈಗಲೂ ನನ್ನ ಬದಲು ದಾದಾಪೀರ್ ಅಂಗೈ ಊರುತ್ತಾನೆ. ಅದು ಸರಿಯೇ. ಆದರೆ ಜನ ಬೈದು, ಉಗಿದು, ಕ್ರಮೇಣ ಮರೆತರು. ಬೆಂಚಿಗೆ ಮತ್ತೆ ಬಂದು ಕೂತರು, ಚಹಾ ಕುಡಿದರು. ಕಾಂಪೌಂಡರರ ಹೆಸರು ಮೊದಲಿಗಿಂತ ದೊಡ್ಡದಾಯಿತು. ಹಾಲಿನವನು ನೀಲವ್ವನಿಗೆ ದಿನಾ ಅರ್ಧ ಸೇರು ಹೆಚ್ಚು ಹಾಕುತ್ತಾನೆ.

ಯಮನೂರಪ್ಪ ಒಂದು ದಿನ ನನ್ನನ್ನು ಬದಿಗೆ ಕರೆದು ಹೇಳಿದ. ಗಾಡಿ ಬೆಳಿಗ್ಗೆ ಒಂಬತ್ತೂವರೆಗೆ ಅವಳ ಬಾಗಿಲಲ್ಲಿ ನಿಲ್ಲುತ್ತದಂತೆ. ಅವಳು ಹೊರಗೆ ಬಂದು, ಮಂಡಕ್ಕಿ ಚೀಲಗಳ ಪಕ್ಕದಲ್ಲಿ ಬಗ್ಗಿ, ಕೆಳಗಿನ ಕಬ್ಬಿಣದ ಪಟ್ಟಿಯ ಮೇಲೆ ಕೈ ಇಟ್ಟು, “ತಪ್ಪಾತ್ರಿ” ಎನ್ನುತ್ತಾಳಂತೆ. ಒಂದು ದಿನವೂ ತಪ್ಪಿಸಿಲ್ಲವಂತೆ. ಅವನು ಅಷ್ಟು ಹೊತ್ತು ಬೇರೆ ಕಡೆ ನೋಡುತ್ತಾನಂತೆ. “ಬ್ಯಾಡ ಅಕ್ಕಾ, ಸಾಕು ಅಂತ ಒಮ್ಮಿ ಅಂದೆ ಮೌನೇಶಣ್ಣ. ‘ಅವರು ಸಾಕು ಅನ್ಲಿ, ಬಿಡ್ತೀನಿ’ ಅಂದ್ಲು” ಎಂದ.

ಇದಕ್ಕೆ ಎರಡು ವರ್ಷವಾಯಿತು. ಏನೂ ತಪ್ಪು ಮಾಡದವಳು ದಿನಾ ತಪ್ಪಾಯಿತು ಎನ್ನುತ್ತಿದ್ದಾಳೆ. ನಾನು ಗ್ಯಾರೇಜಿನಲ್ಲಿ ಏನೇ ಕೆಲಸದಲ್ಲಿರಲಿ, ಒಂಬತ್ತೂವರೆಗೆ ಸುತ್ತಿಗೆ ಕೆಳಗಿಟ್ಟು ಸುಮ್ಮನೆ ನಿಲ್ಲುತ್ತೇನೆ. ಯಾಕೆಂದು ದಾದಾಪೀರ್ ಕೇಳುವುದಿಲ್ಲ.